ಸ್ವಾಮಿಯ ಎಕ್ಕಡ

ಹೆಣದ ಕಾಲಿಗೆ ಬೂಟು ಹೋಗಲಿಲ್ಲ.

ಚಿಕ್ಕಮುನಿಯಪ್ಪ ಮಗನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಇನ್ನೊಮ್ಮೆ ಒತ್ತಿದ. ಹೋಗಲಿಲ್ಲ. ಕಾಲು ಊದಿತ್ತು. ಚಿನ್ನದ ಗಣಿಯೊಳಗೆ ಬಂಡೆ ಸಿಡಿದು, ಅದರಡಿ ಸಿಕ್ಕಿದ ಸೀನಪ್ಪನನ್ನು ಮೇಲಕ್ಕೆ ತರುವಷ್ಟರಲ್ಲಿ ಎರಡು ಹಗಲು ಕಳೆದಿದ್ದವು. ಮುಖ ಗುರುತು ಸಿಗುವಂತಿದೆಯಲ್ಲ, ಅದೇ ಪುಣ್ಯ ಎಂದು ಹಟ್ಟಿಯವರು ಸಮಾಧಾನ ಹೇಳಿದರು. ಬಡವನ ಪಾಲಿಗೆ ಬರುವ ಪುಣ್ಯ ಅಷ್ಟೇ ಗಾತ್ರದ್ದು.

“ಬಿಡಯ್ಯಾ,” ಎಂದಳು ಹೆಂಡತಿ ಮುತ್ಯಾಲಮ್ಮ. “ಮಣ್ಣಿಗೋಗೋ ಕಾಲಿಗೆ ಬೂಟ್ಯಾಕೆ?”

“ಅವನ್ದು. ಮೆಟ್ಕೊಂಡೇ ಓಗ್ಲಿ.”

“ಪಟೇಲ್ರು ನೋಡಿದ್ರೆ?”

ಚಿಕ್ಕಮುನಿಯಪ್ಪ ಚರ್ಮ ಕೊಯ್ಯುವ ರಂಪಿಗೆಯನ್ನು ಕೈಗೆ ತೆಗೆದುಕೊಂಡ. ಅದರ ತುದಿಯಿಂದ ಬೂಟಿನ ಹಿಂಬದಿಯ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದ. ಬೂಟು ಬಾಯಿ ಬಿಟ್ಟಿತು. ಊದಿದ ಕಾಲನ್ನು, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಅದರೊಳಗೆ ಇಳಿಸಿದ. ಹಿಂದೆ ಬೆರಳಗಲ ಸಂದು ಉಳಿಯಿತು. ಅಲ್ಲಿಗೆ ಕರಿ ತೊಗಲಿನ ಪಟ್ಟಿ ಇಟ್ಟು, ಮೇಣ ತಿಕ್ಕಿದ ದಾರದಿಂದ ಕಾಲಿನ ಮೇಲೆಯೇ ಹೊಲಿಯತೊಡಗಿದ. ಉಳಿ ಚುಚ್ಚುವಾಗಲೆಲ್ಲ ಮಗನ ಚರ್ಮಕ್ಕೆ ತಾಗದಂತೆ ತನ್ನ ಹೆಬ್ಬೆರಳನ್ನು ಒಳಗೆ ಅಡ್ಡ ಇಟ್ಟ. ಸತ್ತ ಕಾಲಿಗೆ ನೋವಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಇಟ್ಟ. ಹೆಬ್ಬೆರಳಲ್ಲಿ ರಕ್ತ ಜಿನುಗಿತು. ಇನ್ನೊಂದು ಕಾಲಿಗೂ ಹಾಗೆಯೇ ಮಾಡಿದ. ಆಮೇಲೆ ಬ್ರಷ್ಷು ತೆಗೆದುಕೊಂಡು ಪಾಲಿಶ್ ಹಾಕಲು ಕೂತ.

ಎಮರ್ಜೆನ್ಸಿ ಮುಗಿದ ಮರುವರ್ಷದ ಶ್ರಾವಣ ಅದು. ಕ್ಯಾಸಂಬಳ್ಳಿಯಿಂದ ಒಳಕ್ಕೆ ಹೋಗುವ ಮಣ್ಣು ದಾರಿಯಲ್ಲಿ ಆ ಊರು. ಊರಿನ ಮೊದಲಲ್ಲಿ ಹುಣಸೇಮರ, ಅದರ ಪಕ್ಕಕ್ಕೆ ಹಟ್ಟಿಯವರ ಸುಡುಗಾಡು. ಅಲ್ಲಿಂದ ಊರ ಬೀದಿ. ಬೀದಿಯ ನಡುವೆ ವೆಂಕಟರಮಣಸ್ವಾಮಿಯ ಗುಡಿ. ಬೀದಿ ಮುಗಿದ ಮೇಲೆ, ಕೊನೆಯಲ್ಲಿ, ಮಾದಿಗರ ಹಟ್ಟಿ. ಹಟ್ಟಿಯವರು ಬದುಕಿದ್ದಾಗ ಬಸ್ಸಿಗೆ ಹೋಗಬೇಕಾದರೂ, ಸತ್ತ ಮೇಲೆ ಮಣ್ಣಿಗೆ ಹೋಗಬೇಕಾದರೂ ಆ ಬೀದಿಯೇ ಗತಿ. ನಡೆಯಲು ಬಿಡುತ್ತಿದ್ದರು. ಮೆಟ್ಟಿ ನಡೆಯಲು ಬಿಡುತ್ತಿರಲಿಲ್ಲ.

ಸೀನಪ್ಪ ವಾರವೆಲ್ಲ ಗಣಿ ಕೆಲಸದವರ ಲೈನಿನಲ್ಲಿ, ಜೊತೆ ಕೆಲಸದ ಪೆರುಮಾಳನ ಮನೆಯಲ್ಲಿ ಇರುತ್ತಿದ್ದ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಆ ಬೂಟು ಕೊಂಡಿದ್ದ. ಗಣಿಯೊಳಕ್ಕೆ ಅದನ್ನು ಹಾಕುತ್ತಿರಲಿಲ್ಲ. ಪೇಟೆಗೆ, ಸಿನಿಮಾಕ್ಕೆ, ಊರಿಗೆ. ಭಾನುವಾರ ಬಸ್ಸಿಳಿದು ಹುಣಸೇಮರದ ತನಕ ಟಕಟಕ ಎಂದು ನಡೆದು ಬರುತ್ತಿದ್ದ. ಅಲ್ಲಿ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಬೀದಿ ದಾಟುತ್ತಿದ್ದ. ಮನೆಗೆ ಬಂದವನೇ ಬೂಟನ್ನು ಅಪ್ಪನ ಮುಂದೆ ಇಡುತ್ತಿದ್ದ. ಚಿಕ್ಕಮುನಿಯಪ್ಪ ಮೊದಲು ಲೇಸು ಬಿಚ್ಚಿ ನಾಲಿಗೆ ಎಳೆದು ಒಳಗಿನ ಧೂಳು ಕೊಡವುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಆರಿಸುತ್ತಿದ್ದ. ಅಡಿಯ ಅಟ್ಟೆಯ ಸಂದಿಗೆ ಹರಳೆಣ್ಣೆ ತೀಡುತ್ತಿದ್ದ. ಪಾಲಿಶ್ ಹಚ್ಚಿ, ಬಾಯಿಂದ ಹಬೆ ಊದಿ, ಹಳೇ ಪಂಚೆಯ ತುಂಡಿನಲ್ಲಿ ತಿಕ್ಕುತ್ತಿದ್ದ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಳಗೆ ಬೇವಿನೆಲೆ ತುಂಬುತ್ತಿದ್ದ.

“ಸಾಕು ಬುಡು ನಾಯ್ನಾ,” ಎನ್ನುತ್ತಿದ್ದ ಸೀನಪ್ಪ. ಹಟ್ಟಿಯಲ್ಲಿ ಅಪ್ಪನನ್ನು ಕರೆಯುವುದು ಹಾಗೆ. “ಅದ್ರಾಗೆ ಮಖ ನೋಡ್ಕೊಂಡು ಗಡ್ಡ ಕೆರೀಬೋದು.”

“ಕೆರ್ಕೊ. ಎಣ್ಣು ನೋಡಾಕೆ ಓಗ್ವಾಗ ಎಂಗೂ ಕೆರೀಬೇಕಲ್ಲ.”

ಒಂದು ಭಾನುವಾರ ಜೋರು ಮಳೆ. ಸೀನಪ್ಪ ಹುಣಸೇಮರದಡಿ ನಿಲ್ಲದೆ ಓಡಿಬಂದ. ಬೂಟು ಕಾಲಲ್ಲೇ ಇತ್ತು. ಗುಡಿಯ ಜಗಲಿಯ ಮೇಲೆ ಪಟೇಲ ಶ್ರೀನಿವಾಸಪ್ಪ ಕೂತಿದ್ದ. ಪಟೇಲಿಕೆ ಸರ್ಕಾರದಲ್ಲಿ ಹೋಗಿ ಎಷ್ಟೋ ಕಾಲವಾಗಿತ್ತು, ಬೀದಿಯಲ್ಲಿ ಹೋಗಿರಲಿಲ್ಲ. ಅವನು ಸೀನಪ್ಪನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಏಟನ್ನು ಮೈ ಮರೆಯುತ್ತಿತ್ತು. ಬೂಟು ಬಿಚ್ಚಿಸಿದ. ಬಾಯಲ್ಲಿ ಕಚ್ಚಿಸಿದ. ಕೈ ಹಿಂದಕ್ಕೆ ಕಟ್ಟಿಕೊಂಡು ಹಟ್ಟಿಯ ತನಕ ಹಾಗೇ ನಡೆಯಬೇಕು, ಬಿದ್ದರೆ ಮತ್ತೆ ಗುಡಿಯಿಂದ ಶುರು ಎಂದ. ಜಗಲಿಯವರು ನಕ್ಕರು. ಸುದ್ದಿ ತಿಳಿದು ಓಡಿಬಂದ ಚಿಕ್ಕಮುನಿಯಪ್ಪ ಕೆಸರಿನಲ್ಲಿ ನಿಂತು ಕೈ ಮುಗಿದ. “ತಪ್ಪಾಯ್ತು ದೊರೆ, ತಪ್ಪಾಯ್ತು ದೊರೆ,” ಎಂದ. ಮಗ ಬಾಯಲ್ಲಿ ಬೂಟು ಕಚ್ಚಿಕೊಂಡು, ಜೊಲ್ಲು ಸುರಿಸುತ್ತ, ಅವನ ಮುಂದೆಯೇ ಹಾದುಹೋದ.

ಅವತ್ತು ಸಂಜೆ ಅಪ್ಪ ಬೂಟು ಒರೆಸಿದ. ಎಡಗಾಲಿನ ಬೂಟಿನ ಮೂತಿಯಲ್ಲಿ ಹಲ್ಲಿನ ಗುರುತು ಬಿದ್ದಿತ್ತು.

“ಓಯ್ತದಾ ನಾಯ್ನಾ?” ಸೀನಪ್ಪ ಕೇಳಿದ.

“ಓಯ್ತದೆ ಕಣಪ್ಪಾ. ಮೇಣ ತುಂಬಿದ್ರೆ ಓಯ್ತದೆ.”

ಹೋಗಲಿಲ್ಲ. ಮೇಣ ತುಂಬಿದರೂ ಎರಡು ಹೆಜ್ಜೆಗೆ ಉದುರುತ್ತಿತ್ತು. ಪಾಲಿಶ್ ಹಾಕಿದಷ್ಟೂ ಸುತ್ತಲಿನ ಚರ್ಮ ಮಿಂಚಿ, ಗುರುತು ಇನ್ನೂ ಎದ್ದು ಕಾಣುತ್ತಿತ್ತು.

ಆ ಬೂಟಿಗೆ ಹಚ್ಚುತ್ತಿದ್ದ ಹರಳೆಣ್ಣೆಯನ್ನೇ ಚಿಕ್ಕಮುನಿಯಪ್ಪ ಇನ್ನೊಂದು ಜೊತೆಗೂ ಹಚ್ಚುತ್ತಿದ್ದ. ಅದು ಸ್ವಾಮಿಯದು. ಗುಡಿಯೊಳಗೆ ವೆಂಕಟರಮಣನ ಪಾದದ ಬಳಿ ಒಂದು ಜೊತೆ ದೊಡ್ಡ ಚರ್ಮದ ಪಾದುಕೆ ಇರುತ್ತಿತ್ತು. ಹರಕೆಯವರು ಬಂದರೆ ಪೂಜಾರಿ ಅದನ್ನು ಅವರ ತಲೆಗೆ ಮುಟ್ಟಿಸುತ್ತಿದ್ದ. ಸ್ವಾಮಿ ಅದನ್ನು ಮೆಟ್ಟಿ ಊರೂರು ತಿರುಗುತ್ತಾನೆ, ಅದಕ್ಕೇ ಸವೆಯುತ್ತದೆ ಎಂದು ನಂಬಿಕೆ. ಚಿಕ್ಕಮುನಿಯಪ್ಪನ ತಾತ ಹೊಲಿದದ್ದು ಸವೆದು ಅಪ್ಪ ಹೊಲಿದ. ಅಪ್ಪನದು ಸವೆದು ಇವನು ಹೊಲಿದ. ಪ್ರತಿ ಶ್ರಾವಣದಲ್ಲಿ ಗುಡಿಯ ಆಳು ಅದನ್ನು ಬಿದಿರು ಪುಟ್ಟಿಯಲ್ಲಿ ತಂದು ಹಟ್ಟಿಯ ಅಂಚಿನಲ್ಲಿ ಇಟ್ಟು ಹೋಗುತ್ತಿದ್ದ. ಚಿಕ್ಕಮುನಿಯಪ್ಪ ತಲೆಗೆ ನೀರು ಹಾಕಿಕೊಂಡು, ಒಪ್ಪತ್ತು ಇದ್ದು, ಹೊಲಿಗೆ ನೋಡಿ, ಎಣ್ಣೆ ತೀಡಿ, ಅರಿಶಿನದ ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ತರುತ್ತಿದ್ದ. ಆ ಪುಟ್ಟಿ ಬೀದಿಗೆ ಬಂತೆಂದರೆ ಯಾರ ಕಾಲಲ್ಲೂ ಏನೂ ಇರಕೂಡದು, ಅದು ಕಣ್ಣಿಗೆ ಮರೆಯಾಗುವವರೆಗೆ. ಪಟೇಲನೂ ಜೋಡು ಬಿಟ್ಟು ಪಕ್ಕಕ್ಕೆ ನಿಲ್ಲಬೇಕು. ಚಿಕ್ಕಮುನಿಯಪ್ಪ ಗುಡಿಯ ಮುಂದಿನ ಚಪ್ಪಡಿಯ ಮೇಲೆ ಪುಟ್ಟಿ ಇಳಿಸಿ ಹಿಂದೆ ಸರಿಯುತ್ತಿದ್ದ. ಪೂಜಾರಿ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದ. ಬಾಗಿಲು ಮುಚ್ಚುತ್ತಿತ್ತು. ಚಿಕ್ಕಮುನಿಯಪ್ಪ ಸ್ವಾಮಿಯ ಮುಖ ನೋಡಿದವನಲ್ಲ.

“ನಾಯ್ನಾ, ಒಂದು ಮಾತು,” ಎಂದಿದ್ದ ಸೀನಪ್ಪ ಒಂದು ಸಲ. “ಅದ್ಕೂ ಅದೇ ಚರ್ಮ, ಇದ್ಕೂ ಅದೇ ಚರ್ಮ. ಎಣ್ಣೆ ಒಂದೇ, ಕೈ ಒಂದೇ. ಸ್ವಾಮಿ ಕಾಲಾಗಿದ್ರೆ ಪಾದುಕೆ. ಪಟೇಲ್ರ ಕಾಲಾಗಿದ್ರೆ ಜೋಡು. ನನ್ ಕಾಲಿಗ್ ಬಂದ್ರೆ ಎಕ್ಡ. ಎಂಗೆ?”

“ಸುಮ್ಕಿರ್ಲಾ. ದೇವ್ರ ವಿಸ್ಯ.”

“ದೇವ್ರು ಏನೂ ಅಂದಿಲ್ಲ ಬುಡು. ಅವನಿಗೆ ಕ್ಯಾಸಂಬಳ್ಳಿ ಬಸ್ ಸಿಕ್ಕಿದ್ರೆ ಸಾಕು, ಎಕ್ಡ ಉಳೀತದೆ.”

ಮುತ್ಯಾಲಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದಳು. ಚಿಕ್ಕಮುನಿಯಪ್ಪ ಗದರಿ, ಆಮೇಲೆ ಸ್ವಾಮಿಗೆ ಕೆನ್ನೆ ಬಡಿದುಕೊಂಡಿದ್ದ.

ಈ ಶ್ರಾವಣದಲ್ಲೂ ಪಾದುಕೆ ಮನೆಗೆ ಬಂದಿತ್ತು. ಎಣ್ಣೆ ತೀಡಿ ಮುಗಿಸಿದ ದಿನವೇ ಗಣಿಯ ಸುದ್ದಿ ಬಂತು. ಪುಟ್ಟಿ ಜಂತಿಗೆ ತೂಗಿಕೊಂಡಿತ್ತು. ಪೂಜಾರಿ ಆಳಿನ ಕೈಲಿ ಹೇಳಿ ಕಳಿಸಿದ: ಸೂತಕದ ಮನೆ, ಯಾರೂ ಮುಟ್ಟಬೇಡಿ, ಸೂತಕ ಕಳೆದ ಮೇಲೆ ನಾವೇ ಶುದ್ಧ ಮಾಡಿಕೊಳ್ಳುತ್ತೇವೆ. ಮಗ ಹೋದನಂತೆ ಎಂಬ ಒಂದು ಮಾತು ಆ ಹೇಳಿಕೆಯಲ್ಲಿ ಇರಲಿಲ್ಲ.

ಈಗ ಬಲಗಾಲಿನ ಬೂಟು ಮಿಂಚಿತು. ಎಡಗಾಲಿನದಕ್ಕೆ ಬಂದ. ಹಲ್ಲಿನ ಗುರುತಿನ ಮೇಲೆ ಬಟ್ಟೆ ನಿಂತಿತು. ಮೇಣ ಅಲ್ಲೇ ಇತ್ತು. ತುಂಬಲಿಲ್ಲ. ಇರಲಿ ಎಂದುಕೊಂಡ.

ಹೆಣವನ್ನು ಲಾರಿಯಲ್ಲಿ ತಂದವನು ಪೆರುಮಾಳ್, ಜೊತೆಗೆ ಗಣಿಯ ಹುಡುಗರು. ಲಾರಿ ಊರ ಬೀದಿಯಲ್ಲೇ ಬಂದಿತ್ತು. ಅದರ ಟೈರನ್ನು ಯಾರೂ ಬಿಚ್ಚು ಎಂದಿರಲಿಲ್ಲ. ಚಟ್ಟ ಎತ್ತುವ ಹೊತ್ತಿಗೆ, ಚಪ್ಪಲಿ ಹಟ್ಟಿಯಲ್ಲೇ ಬಿಡಿ ಎಂದು ಹಿರಿಯರು ಗಣಿಯ ಹುಡುಗರಿಗೆ ಹೇಳಿದಾಗ ಪೆರುಮಾಳ್ ದುರುಗುಟ್ಟಿ ನೋಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದ.

“ಎನ್ನ ಪೆರಿಯಪ್ಪಾ ಇದು? ಹೆಗಲ ಮೇಲೆ ಬಾಡಿ ತೂಕ್ಕೊಂಡು ಮುಳ್ಳು ಮೇಲೆ ನಡೀಬೇಕಾ?”

“ನಮ್ಮೂರಾಗೆ ಇಂಗೇ ಕಣಪ್ಪಾ.”

“ಸೀನ ಒಂದು ದಿನಾ ಇದನ್ನ ಸೊಲ್ಲಲೇ ಇಲ್ಲ,” ಎಂದ ಪೆರುಮಾಳ್. ಚಪ್ಪಲಿ ಕಳಚಿ ಮೂಲೆಗೆ ಎಸೆದ.

ಚಟ್ಟ ಹೊರಟಿತು. ಮುಂದೆ ತಮಟೆ. ಅದರ ಹಿಂದೆ ಬೆಂಕಿಮಡಕೆ ಹಿಡಿದು ಚಿಕ್ಕಮುನಿಯಪ್ಪ. ಬಿಳಿ ಬಟ್ಟೆ ಸೀನಪ್ಪನ ಮೊಣಕಾಲಿನವರೆಗೆ ಇತ್ತು. ಅದರಾಚೆ ಬೂಟುಗಳು ಆಕಾಶಕ್ಕೆ ಮೂತಿ ಎತ್ತಿ ಬಿಸಿಲಿಗೆ ಹೊಳೆಯುತ್ತಿದ್ದವು. ಗುಡಿ ಹತ್ತಿರವಾದಂತೆ, ವಾಡಿಕೆಯ ಹಾಗೆ, ತಮಟೆ ನಿಂತಿತು.

“ನಿಲ್ಸ್ರಲಾ,” ಎಂದ ಶ್ರೀನಿವಾಸಪ್ಪ ಜಗಲಿಯಿಂದ.

ಚಟ್ಟ ನಿಂತಿತು. ಅವನು ಎದ್ದು ಜೋಡು ಮೆಟ್ಟಿ, ಕೋಲು ಹಿಡಿದು ಬೀದಿಗೆ ಇಳಿದ. ಹೆಣದಿಂದ ದೂರ ನಿಂತು ಕೋಲನ್ನು ಬೂಟಿನ ಕಡೆ ಚಾಚಿದ.

“ಏನ್ಲಾ ಮುನಿಯಾ, ಮಗನ್ನ ಮಣ್ಮಾಡಾಕೆ ಒಂಟಿದ್ದೀಯೋ, ಮದ್ವೆ ಮಾಡಾಕೆ ಒಂಟಿದ್ದೀಯೋ?”

ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು.

“ತೆಗಿಯಲಾ ಎಕ್ಡಾನ.”

ಚಿಕ್ಕಮುನಿಯಪ್ಪ ಮಡಕೆ ಕೆಳಗಿಟ್ಟ. ಬೆನ್ನು ತಾನಾಗಿ ಬಾಗಿತು. ಅಷ್ಟು ಕಾಲ ಬಾಗಿದ ಬೆನ್ನು ಅದು, ಯಜಮಾನನ ಮಾತು ಕೇಳಲು ಮನಸ್ಸಿನ ಅಪ್ಪಣೆಗೆ ಕಾಯುತ್ತಿರಲಿಲ್ಲ. ಚಟ್ಟ ಇಳಿಸಿದರು. ಅವನ ಬೆರಳು ಲೇಸಿಗೆ ಹೋಯಿತು. ಆಗ ನೆನಪಾಯಿತು.

“ಬರಾಕಿಲ್ಲ ದೊರೆ. ಕಾಲಿನ ಮ್ಯಾಲೇ ಒಲ್ದಿದೀನಿ.”

“ಒಲ್ದಿದೀಯಾ! ಕೊಯ್ದು ತೆಗಿ.”

“ಕಾಲು ಕೊಯ್ದೋಯ್ತದೆ ದೊರೆ.”

“ಕೊಯ್ದೋದ್ರೆ ಓಗ್ಲಿ. ಸತ್ತೋನಿಗೆ ಏನ್ಲಾ ಗೊತ್ತಾಯ್ತದೆ?”

ರಂಪಿಗೆ ಚಿಕ್ಕಮುನಿಯಪ್ಪನ ಸೊಂಟದಲ್ಲೇ ಇತ್ತು. ಅದನ್ನು ತೆಗೆದ. ಮುಖ ಬೂಟಿನ ಹತ್ತಿರ ಬಂತು. ಹಲ್ಲಿನ ಗುರುತು ಕಣ್ಣಿಗೆ ಬಿತ್ತು. ಸುತ್ತ ಮಿಂಚುವ ಕಪ್ಪು, ನಡುವೆ ಮಗನ ಹಲ್ಲು. ಬಾಯಿ ಮುಚ್ಚಿಕೊಂಡು ಸತ್ತ ಮಗ ಅಲ್ಲಿ ಒಂದೇ ಕಡೆ ಬಾಯಿ ತೆರೆದಿದ್ದ.

ಅವನು ಎದ್ದು ನಿಂತ. ರಂಪಿಗೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

“ಕೊಯ್ಯಾಕಿಲ್ಲ.”

“ಏನಂದೆ?”

“ಕೊಯ್ಯಾಕಿಲ್ಲ ಅಂದೆ. ಬದುಕಿದ್ದಾಗ ಬಿಚ್ದ. ವಾರವಾರ ಬಿಚ್ಚಿ ಕಂಕುಳಾಗಿಟ್ಕೊಂಡು ಬಂದ. ಬಾಯಾಗೆ ಕಚ್ಚು ಅಂದ್ರಿ, ಕಚ್ದ. ಈಗೆಂಗೆ ಕಚ್ಚಾನ ದೊರೆ? ಈಗ ಅವನ ಬಾಯಾಗೆ ಮಣ್ಣು.”

ಕೋಲು ಅವನ ಭುಜಕ್ಕೆ ಬಿತ್ತು. ಮತ್ತೆ ಬಿತ್ತು. ಮುಪ್ಪಿನ ಮೈ, ಮಂಡಿ ಮಡಿಸಿ ಕುಸಿಯಿತು. ಪೆರುಮಾಳ್ ಮುನ್ನುಗ್ಗಿದ. ಜಗಲಿಯಿಂದ ನಾಲ್ಕಾರು ಜನ ಕೋಲು ಹಿಡಿದು ಇಳಿದರು. ಹಟ್ಟಿಯವರು ಹಿಂದೆ ಸರಿಯಲೂ ಇಲ್ಲ, ಮುಂದೆ ಬರಲೂ ಇಲ್ಲ. “ನೀವಾದ್ರೂ ಕೊಯ್ರಲಾ,” ಎಂದು ಶ್ರೀನಿವಾಸಪ್ಪ ಅವರ ಮೇಲೆ ಕೂಗಿದ. ತಾನು ಕೊಯ್ಯುವಂತಿರಲಿಲ್ಲ, ಮಾದಿಗನ ಹೆಣ ಮುಟ್ಟಿದರೆ ಮೈಲಿಗೆ. ಹಟ್ಟಿಯವರು ನೆಲ ನೋಡಿದರು. ಒಬ್ಬನ ಕೈಯೂ ಏಳಲಿಲ್ಲ.

ಅಷ್ಟರಲ್ಲಿ ಹಟ್ಟಿಯ ಕಡೆಯಿಂದ ಮುತ್ಯಾಲಮ್ಮ ಬಂದಳು.

ಹೆಂಗಸರು ಹೆಣದ ಹಿಂದೆ ಬರುವ ವಾಡಿಕೆ ಇಲ್ಲ. ಅವಳು ಬಂದಳು. ಕೂದಲು ಬಿಚ್ಚಿತ್ತು. ತಲೆಯ ಮೇಲೆ ಬಿದಿರು ಪುಟ್ಟಿ ಇತ್ತು. ಪುಟ್ಟಿಯ ಮೇಲೆ ಅರಿಶಿನದ ಬಟ್ಟೆ.

ಕೋಲು ಹಿಡಿದವರ ಕಾಲುಗಳು ತಾವಾಗಿ ಚಪ್ಪಲಿ ಬಿಟ್ಟವು. ಶ್ರೀನಿವಾಸಪ್ಪನ ಕಾಲೂ ಜೋಡಿನಿಂದ ಆಚೆ ಬಂತು. ಹುಟ್ಟಿದಂದಿನಿಂದ ಮೈಗೆ ಹತ್ತಿದ ಅಭ್ಯಾಸ. ಬಿಟ್ಟ ಮೇಲೆ ಅವನಿಗೆ ತಿಳಿಯಿತು.

“ಸೂತಕದ ಮನೆಯಿಂದ! ಹೆಂಗಸು ತಲೆಯ ಮೇಲೆ!” ಎಂದು ಗುಡಿಯ ಬಾಗಿಲಲ್ಲಿ ಪೂಜಾರಿ ಅರಚಿದ. “ಪಾದುಕೆ ಕಣೇ ಅದು! ಪಾದುಕೆ!”

ಮುತ್ಯಾಲಮ್ಮ ಅವನ ಕಡೆ ತಿರುಗಲಿಲ್ಲ. ಗಂಡನ ಮುಂದೆ ಪುಟ್ಟಿ ಇಳಿಸಿದಳು. ಬಟ್ಟೆ ಸರಿಸಿದಳು. ಎಣ್ಣೆ ಕುಡಿದು ಮೆತ್ತಗಾಗಿದ್ದ ಆ ದೊಡ್ಡ ಜೊತೆಯನ್ನು ತೆಗೆದು ಅವನ ಕಾಲ ಬಳಿ ಮಣ್ಣಿನ ಮೇಲೆ ಇಟ್ಟಳು.

“ಮೆಟ್ಕೊ.”

“ಏ... ಸ್ವಾಮಿದು ಕಣೇ.”

“ಗೊತ್ತು. ಒಲ್ದೋನು ಯಾರು? ಎಣ್ಣೆ ತಿಕ್ದೋನು ಯಾರು? ಇದ್ದೊಬ್ಬ ಮಗನ್ನ ಕಳ್ಕೊಂಡ್ವಿ. ಇನ್ನೇನ್ ಕಿತ್ಕಂತಾನೆ ನಿನ್ ಸ್ವಾಮಿ? ಮೆಟ್ಕೊಳಯ್ಯಾ!”

ಚಿಕ್ಕಮುನಿಯಪ್ಪ ಮಣ್ಣು ಹಿಡಿದು ಎದ್ದ. ಗುಡಿಯ ಬಾಗಿಲಿನ ಒಳಕ್ಕೆ ನೋಡಿದ. ಕತ್ತಲೆ, ಕತ್ತಲೆಯಲ್ಲಿ ಒಂದು ದೀಪ. ಅದರಾಚೆ ಏನೂ ಕಾಣದು. ಅವನು ಕೈ ಮುಗಿದ. ಪಟೇಲನಿಗೆ ಮುಗಿದ ಹಾಗಲ್ಲ.

“ತಿಮ್ಮಪ್ಪಾ, ನಿನ್ ಪಾದದ ಅಳತೆ ನನ್ ಕೈಗೆ ಗೊತ್ತು. ನಿನ್ ಮಖ ನನ್ ಕಣ್ಣಿಗೆ ಗೊತ್ತಿಲ್ಲ. ತಪ್ಪಾದ್ರೆ ಇಲ್ಲೇ ನನ್ ಕಾಲ್ ಮುರಿ. ತಪ್ಪಲ್ದಿದ್ರೆ ನಡೆಸು.”

ಬಲಗಾಲು ಇಟ್ಟ. ಎಡಗಾಲು ಇಟ್ಟ. ಊರ ಬೀದಿಯ ಮಣ್ಣನ್ನು ಬಾಳೆಲ್ಲ ಬರಿಗಾಲಲ್ಲಿ ತುಳಿದ, ಬಿರುಕು ಬಿಟ್ಟ ಆ ಕಾಲು ಸ್ವಾಮಿಯ ಎಣ್ಣೆಯ ತಂಪಿನೊಳಗೆ ಇಳಿಯಿತು. ಒಂದು ಹೆಜ್ಜೆ ಇಟ್ಟ. ಕಾಲು ಮುರಿಯಲಿಲ್ಲ.

ಶ್ರೀನಿವಾಸಪ್ಪ ಕೋಲು ಎತ್ತಿದ.

“ಬೇಡಿ ಪಟೇಲ್ರೇ!” ಪೂಜಾರಿ ಕೂಗಿಕೊಂಡ. “ಪಾದುಕೆಗೆ ಏಟು ಬಿದ್ದೀತು! ಊರು ಉಳಿಯೋಲ್ಲ!”

ಕೋಲು ಮೇಲೆಯೇ ನಿಂತಿತು. ಹೊಡೆದರೆ ಸ್ವಾಮಿಯ ಪಾದುಕೆ ಮೆಟ್ಟಿದವನನ್ನು ಹೊಡೆದ ಹಾಗೆ. ಕಳಚಬೇಕಾದರೆ ಸೂತಕದ ಮಾದಿಗನ ಕಾಲನ್ನು ಮುಟ್ಟಬೇಕು. ತಲೆತಲಾಂತರದಿಂದ ತಾವೇ ಕಟ್ಟಿದ ಬೇಲಿ, ಈಗ ಅವರನ್ನೇ ಹೊರಗಿಟ್ಟಿತು.

“ತೂಕ್ರಪ್ಪಾ,” ಎಂದು ಪೆರುಮಾಳ್ ಗೆಳೆಯರಿಗೆ ಹೇಳಿದ. ಚಟ್ಟ ಮೇಲೆದ್ದಿತು. ಚಿಕ್ಕಮುನಿಯಪ್ಪ ಮಡಕೆ ಎತ್ತಿಕೊಂಡು ತಮಟೆಯವನ ಕಡೆ ತಿರುಗಿ, “ಬಾರ್ಸಲಾ,” ಎಂದ. ತಮಟೆಯವನು ಗುಡಿಯನ್ನು ನೋಡಿದ, ಪಟೇಲನನ್ನು ನೋಡಿದ, ಚಟ್ಟದ ಮೇಲಿನ ಬೂಟನ್ನು ನೋಡಿದ. ಬಾರಿಸಿದ. ಗುಡಿಯ ಮುಂದೆ ಆ ಸದ್ದು ಮೊದಲ ಸಲ ಕೇಳಿತು.

ಪಟೇಲನ ಜೋಡು ಅವನ ಪಕ್ಕದಲ್ಲೇ ಬಿದ್ದಿತ್ತು. ಸ್ವಾಮಿಯ ಪಾದುಕೆ ಬೀದಿಯಲ್ಲಿ ಇರುವ ತನಕ ಅದನ್ನು ಮೆಟ್ಟುವಂತಿಲ್ಲ. ಹುಣಸೇಮರದ ತನಕ ಆ ಬೀದಿಯಲ್ಲಿ ಕಾಲಿಗೆ ಮೆಟ್ಟಿದ್ದವರು ಇಬ್ಬರೇ. ಒಬ್ಬ ಸತ್ತ ಸೀನಪ್ಪ. ಇನ್ನೊಬ್ಬ ಅವನ ಅಪ್ಪ. ಮಿಕ್ಕವರೆಲ್ಲ ಬರಿಗಾಲಲ್ಲಿ ನಿಂತು ನೋಡಿದರು.

ಗುಣಿಯಲ್ಲಿ ಸೀನಪ್ಪನ ಮುಖ ಮೊದಲು ಮುಚ್ಚಿತು. ಬೂಟು ಕಡೆಯದಾಗಿ ಮುಚ್ಚಿತು.

ಆಮೇಲೆ ಊರು ಸುಮ್ಮನಿರಲಿಲ್ಲ. ಹಟ್ಟಿಯವರನ್ನು ಕೂಲಿಗೆ ಕರೆಯಲಿಲ್ಲ. ಬಾವಿಗೆ ಮುಳ್ಳು ಬಡಿದರು. ಹಿಟ್ಟಿಲ್ಲದ ಮನೆಗಳಲ್ಲಿ ಚಿಕ್ಕಮುನಿಯಪ್ಪನನ್ನು ಬೈದವರೂ ಇದ್ದರು. ಬೈದವರ ಮಕ್ಕಳೇ ಬಸ್ಸಿಳಿದು, ಹುಣಸೇಮರದ ಬಳಿ ಚಪ್ಪಲಿ ಬಿಚ್ಚದೆ ಬೀದಿಯಲ್ಲಿ ಬಂದರು. ಕೆಲವರು ಏಟು ತಿಂದರು. ಮಾರನೆಯ ವಾರವೂ ಬಿಚ್ಚದೆ ಬಂದರು.

ಸೂತಕ ಕಳೆದ ಮೇಲೆ ಗುಡಿಯ ಆಳು ಬಂದು ಅಂಗಳದಾಚೆ ನಿಂತ.

“ಪಾದುಕೆ ಕೊಡ್ಬೇಕಂತೆ.”

ಚಿಕ್ಕಮುನಿಯಪ್ಪ ಬಾಗಿಲಲ್ಲಿ ಕೂತಿದ್ದ. ಮಡಿಲಲ್ಲಿ ಆ ಜೊತೆ ಇತ್ತು. ಹೊಲಿಗೆಯ ಸಂದಿನಲ್ಲಿ ಸುಡುಗಾಡಿನ ಕೆಂಪು ಮಣ್ಣು ಇನ್ನೂ ಉಳಿದಿತ್ತು. ಹೆಬ್ಬೆರಳಿಂದ ಹರಳೆಣ್ಣೆ ತೀಡುತ್ತಿದ್ದ.

“ಪಾದುಕೇನಾ? ಮಾದಿಗನ ಕಾಲು ತೂರಿದ್ ಮ್ಯಾಲೆ ಪಾದುಕೆ ಎಲ್ಲೈತಪ್ಪಾ? ಇದು ಎಕ್ಡ.”

“ಅಯ್ಯೋ, ಅಂಗನ್ಬಾರ್ದು ಮುನಿಯಪ್ಪಾ.”

“ಯಾಕನ್ಬಾರ್ದು? ನನ್ ಮಗನ ಕಾಲಾಗಿದ್ದಿದ್ದಕ್ಕೆ ಅಂದ್ರಲ್ಲ. ಪಟೇಲ್ರೇ ಬರ್ಲಿ. ಇಲ್ಲೇ, ಈ ಅಂಗಳದಾಗೆ ನಿಂತ್ಕೊಳ್ಲಿ. ಸ್ವಾಮಿ ಎಕ್ಡ ಕೊಡಪ್ಪಾ ಚಿಕ್ಕಮುನಿಯಪ್ಪಾ ಅಂತ ಬಾಯ್ಬಿಟ್ಟು ಕೇಳ್ಲಿ. ಆ ಗಳಿಗೇಲಿ ಕೊಡ್ತೀನಿ.”

“ಅಂಗೆಂಗೆ ಕೇಳಾದು? ದೇವ್ರ ವಸ್ತೂನ?”

“ತೆಗಿಯಲಾ ಎಕ್ಡಾನ ಅಂದ ಬಾಯಿ ಅದೇ ಅಲ್ವಾ?”

ಆಳು ಹಿಂತಿರುಗಿದ. ಪಟೇಲ ಬರಲಿಲ್ಲ. ಆ ಒಂದು ಮಾತು ಅವನ ಗಂಟಲಲ್ಲಿ ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ಗುಡಿಯೊಳಗೆ ಸ್ವಾಮಿ ಬರಿಗಾಲಲ್ಲೇ ನಿಂತಿದ್ದಾನೆ. ಹಟ್ಟಿಯವರೆಲ್ಲ ಇಷ್ಟು ಕಾಲ ನಿಂತ ಹಾಗೆ.

ಚಿಕ್ಕಮುನಿಯಪ್ಪ ಶನಿವಾರ ಶನಿವಾರ ತಲೆಗೆ ನೀರು ಹಾಕಿಕೊಂಡು, ಒಪ್ಪತ್ತು ಇದ್ದು, ಸ್ವಾಮಿಯ ಎಕ್ಕಡಕ್ಕೆ ಎಣ್ಣೆ ತೀಡುತ್ತಾನೆ. ಒಣಗಿ ಬಿರುಕು ಬಿಡಬಾರದು. ಕೇಳುವವನು ಬರುವ ತನಕ ತೊಗಲು ಮೆತ್ತಗಿರಬೇಕು.